ಗದ್ದದಿಂದ ಭುಜಕ್ಕೆ

ಈ ನೆಲಕ್ಕೆ ಕಲ್ಲು ಕೂರಿಸಿದವನಿಗೆ ನೂಲು ಹಿಡಿಯಲು ಬರುತ್ತಿರಲಿಲ್ಲ, ಇಲ್ಲಿ ನೆಟ್ಟಗೆ ಶುರುವಾದ ಗೆರೆ ಗೋಡೆ ಮುಟ್ಟುವಷ್ಟರಲ್ಲಿ ಅರ್ಧ ಇಂಚು ಸೊಟ್ಟ, ಬಟ್ಟೆಯಾಗಿದ್ದರೆ ಬಿಚ್ಚಿ ಮತ್ತೆ ಹೊಲಿದುಬಿಡುತ್ತಿದ್ದೆ, ಏಟು ಬಿದ್ದು ಹನ್ನೊಂದು ವಾರ, ಎಂಟು ವಾರದಿಂದ ಇದೇ ಮಂಚದ ತೂತಿನಲ್ಲಿ ಮುಖ ತೂರಿಸಿ ಬೋರಲು ಮಲಗಿ ಇದೇ ಸೊಟ್ಟ ಗೆರೆ ನೋಡುತ್ತಿದ್ದೇನೆ, ಈಚೆಗೆ ಅದರ ಮೇಲೆ ಒಂದು ಥರ ಅಕ್ಕರೆಯೇ ಬಂದುಬಿಟ್ಟಿದೆ — ಕತ್ತಿನ ಮೇಲೆ ಬಿಸಿ ಚೀಲ, ಕಾವು ಮೆಲ್ಲಗೆ ಬೆನ್ನಿಗಿಳಿಯುತ್ತಿದೆ, ಆಹಾ, ಈ ಸುಖಕ್ಕಾದರೂ ಆಗಾಗ ಏಟು ಬೀಳಬೇಕು, ಛೀ, ಎಂಥ ಮಾತು, ಬಿಡ್ತು ಅನ್ನು. ತೂತಿನ ಕೆಳಗೆ ಎರಡು ಕಂದು ಬೂಟು ಬಂದು ನಿಂತವು, ಎಡಗಡೆಯದರ ಲೇಸು ಎಂದಿನಂತೆ ಸಡಿಲ, ಫಿಸಿಯೋಥೆರಪಿ ಡಾಕ್ಟರು, ಮನೆಯಲ್ಲಿ ನಾವು ಹೆಬ್ಬೆಟ್ಟು ಡಾಕ್ಟರು ಅನ್ನುವುದು, ಓದಿಲ್ಲ ಅಂತಲ್ಲ, ಗೋಡೆ ತುಂಬ ಸರ್ಟಿಫಿಕೇಟು ನೇತುಹಾಕಿದ್ದಾರೆ, ಆ ಹೆಬ್ಬೆರಳುಗಳೇ ಹಾಗೆ, ಮೊದಲ ದಿನ ತಲೆಬುರುಡೆಯ ಬುಡದಲ್ಲಿ ಒತ್ತಿದಾಗ ನಾನು ಕೂಗಿದ ಕೂಗಿಗೆ ಹೊರಗೆ ಕೂತಿದ್ದ ಇಬ್ಬರು ಎದ್ದು ಮನೆಗೆ ಹೋದರಂತೆ. ಇನ್ನು ಹತ್ತು ನಿಮಿಷ ಹೀಗೇ ಇರಿ ಅಮ್ಮ, ಆಮೇಲೆ ಕೊನೇ ಪರೀಕ್ಷೆ, ಪಾಸಾದ್ರೆ ಭಾನುವಾರ ಆಡಬಹುದು ಅಂತ ಬರ್ಕೊಡ್ತೀನಿ, ಇಲ್ದಿದ್ರೆ ಇನ್ನೊಂದು ತಿಂಗಳು ಹೊರಗೆ ಕೂತು ಚಪ್ಪಾಳೆ ತಟ್ಟೋದು. ಅಂದಹಾಗೆ ತಲೆನೋವು ಬಂತಾ ಈ ವಾರ? ಇಲ್ಲ ಡಾಕ್ಟ್ರೇ, ಒಂದ್ಸಲಾನೂ ಇಲ್ಲ. ಎಷ್ಟು ಬೇಗ ಬಂತು ನನ್ನ ಬಾಯಿಂದ ಆ ಸುಳ್ಳು, ತೂತಿನ ಮೂಲಕ ನೇರ ನೆಲಕ್ಕೆ ಬಿತ್ತು, ಬೂಟುಗಳು ಒಂದು ಗಳಿಗೆ ಅಲ್ಲೇ ನಿಂತವು, ಆಮೇಲೆ ಹೋದವು.

ಬಂದಿತ್ತು, ನಿನ್ನೆಯೇ ಬಂದಿತ್ತು, ಮಧ್ಯಾಹ್ನ ಮೂರು ಗಂಟೆಗೆ, ಕತ್ತಿನ ಬುಡದಿಂದ ಹೊರಟು ಬಲಗಿವಿಯ ಹಿಂದೆ ಹತ್ತಿ ಕಣ್ಣಿನ ಒಳಗೆ ಬಂದು ಕೂತಿತ್ತು, ಅದರ ದಾರಿ ನನಗೆ ನನ್ನ ಬೀದಿಯಷ್ಟೇ ಗೊತ್ತು. ಹೇಳಿದರೆ ಭಾನುವಾರ ಹೋಯಿತು. ಭಾನುವಾರ ಈ ಸಾಲಿನ ಮೊದಲ ವಾಲಿಬಾಲ್ ಪಂದ್ಯ, ಮೂವತ್ತಾರು ವರ್ಷದ ದರ್ಜಿ ಹೆಂಗಸಿಗೆ ಎಷ್ಟು ಸಾಲು ಉಳಿದಿವೆ ಅಂತ ಬೆರಳು ಮಡಚಿ ಲೆಕ್ಕ ಹಾಕಬಹುದು, ಈ ಸಲ ತಂಡದಿಂದ ಹೊರಗೆ ಕೂತರೆ ಆಮೇಲೆ ಒಳಗೆ ಕರೆಯುವವರು ಯಾರು, ಅಕ್ಕ ನೀವು ಆರಾಮಾಗಿರಿ ಅಂದುಬಿಡುತ್ತಾರೆ, ಆ ಆರಾಮವೇ ನನಗೆ ಬೇಡ. ಹೊರಗೆ ಬೆಂಚಿನ ಮೇಲೆ ಲಂಬೂ ಕಾಯುತ್ತಿದ್ದಾಳೆ, ತೊಡೆಯ ಮೇಲೆ ಚೆಂಡು ಇಟ್ಟುಕೊಂಡು, ಔಷಧಿ ಅಂಗಡಿಯಲ್ಲಿ ಕೆಲಸ, ಅಷ್ಟೆತ್ತರದ ಕಪಾಟಿನ ಮೇಲಿಂದ ಸ್ಟೂಲಿಲ್ಲದೆ ಡಬ್ಬಿ ಇಳಿಸುವವಳು, ನಾನು ಎತ್ತಿಕೊಟ್ಟ ಚೆಂಡನ್ನು ನೆಟ್ಟಿನ ಆಚೆ ಹೊಡೆಯುವವಳು, ಎಂಟು ವರ್ಷದಿಂದ ನಾನು ಎತ್ತುವುದು ಅವಳು ಹೊಡೆಯುವುದು. ನಿನ್ನ ಚೆಂಡು ಗಾಳೀಲಿ ಒಂದು ಗಳಿಗೆ ನಿಂತು ನನಗೋಸ್ಕರ ಕಾಯತ್ತೆ ಕಣೇ, ಈಗ ಎತ್ತಿಕೊಡೋಳ ಚೆಂಡು ಬಸ್ಸು ಬಂದ ಹಾಗೆ ಬರತ್ತೆ, ನಾನೇ ಓಡಿ ಹತ್ಕೋಬೇಕು, ಅನ್ನುತ್ತಾಳೆ. ನಿಂತು ಕಾಯುವ ಚೆಂಡು — ಅವಳಿಗೆ ಗೊತ್ತಿಲ್ಲ, ಅವಳು ಮೆಚ್ಚಿ ಹೇಳುವ ಅದನ್ನೇ ನೆನೆದು ನಾನು ರಾತ್ರಿ ಎದ್ದು ಕೂರುತ್ತೇನೆ. ಅವತ್ತೂ ನಿಂತಿತ್ತು. ಬಿಳಿ ಚೆಂಡು, ಅದರ ಹಿಂದೆ ಬಿಸಿಲು, ತೀರಾ ಮೇಲೆ ಹೋಗಿ ಇನ್ನೂ ಇಳಿಯದೆ ನಿಂತಿತ್ತು, ನಾನು ಕತ್ತೆತ್ತಿ ಹಿಂದೆ ಹಿಂದೆ ಹೋಗುತ್ತಿದ್ದೆ, ಅವಳು ಮುಂದೆ ಬರುತ್ತಿದ್ದಳು, ಯಾರು ಎತ್ತುತ್ತಾರೋ ಅವರು ನಂದು ಅಂತ ಕೂಗಬೇಕು, ಆಟ ಕಲಿತ ಮೊದಲ ದಿನವೇ ಕಲಿಸುವ ಪಾಠ, ನಾನು ಕೂಗಲಿಲ್ಲ, ಎಂಟು ವರ್ಷದಿಂದ ಮೇಲೆ ಹೋದ ಚೆಂಡೆಲ್ಲ ನನ್ನದೇ, ಅದನ್ನೇನು ಕೂಗಿ ಹೇಳುವುದು ಎನ್ನುವ ಜಂಬ — ಅವಳ ಭುಜ ನನ್ನ ದವಡೆಗೆ ಬಡಿದದ್ದು ನೆನಪಿಲ್ಲ, ತಲೆ ಹಿಂದಕ್ಕೆ ಚಿಮ್ಮಿದ್ದೂ ನೆನಪಿಲ್ಲ, ಚೆಂಡು ಕೆಳಗೆ ಬಂದದ್ದನ್ನಂತೂ ನಾನು ನೋಡಲೇ ಇಲ್ಲ. ಮೂಳೆ ಮುರಿದಿಲ್ಲ, ಸ್ನಾಯು ಎಳೆದಿದೆ, ಅಂದರು ಆಸ್ಪತ್ರೆಯಲ್ಲಿ.

ಕತ್ತಿಗೆ ಒಂದು ಸ್ಪಂಜಿನ ಕಾಲರ್ ಹಾಕಿ ಕಳಿಸಿದರು, ಅಯ್ಯೋ ದೇವರೇ, ನನಗೆ ಕಾಲರ್! ಹದಿನೆಂಟು ವರ್ಷದಿಂದ ಬೇರೆಯವರ ಕಾಲರ್ ಹೊಲಿದವಳು, ಊರಿನ ಕತ್ತುಗಳೆಲ್ಲ ನನಗೆ ಇಂಚಿನಲ್ಲಿ ಗೊತ್ತು, ಮೇಷ್ಟರದು ಹದಿನಾಲ್ಕು, ಬೇಕರಿಯವರದು ಹದಿನೇಳೂವರೆ, ಅದೂ ಅವರು ಉಸಿರು ಬಿಗಿಹಿಡಿದಾಗ. ಆ ಆಸ್ಪತ್ರೆ ಕಾಲರಿನ ಅಂಚು ಎಂಥ ಒರಟು ಹೊಲಿಗೆ, ಮೂರನೇ ದಿನಕ್ಕೆ ಬಿಚ್ಚಿ, ಮೆತ್ತನೆ ಬಟ್ಟೆ ಕೊಟ್ಟು ಹೊಸದಾಗಿ ಹೊಲಿದುಕೊಂಡೆ, ಹೊಲಿದ ಮೇಲೆ ಅದು ಎಷ್ಟು ಚೆನ್ನಾಗಿ ಕೂತಿತು ಅಂದರೆ ತೆಗೆಯಲು ಮನಸ್ಸೇ ಬರಲಿಲ್ಲ, ಒಂದು ವಾರ ಹಾಕಿ ಅಂದದ್ದನ್ನು ಮೂರು ವಾರ ಹಾಕಿದೆ, ಹೆಬ್ಬೆಟ್ಟು ಡಾಕ್ಟರು ನೋಡಿ ಕೈಮುಗಿದರು, ಅಮ್ಮ, ಹೊಲಿಗೆ ಬಹಳ ಚೆನ್ನಾಗಿದೆ, ಶೋಕೇಸಲ್ಲಿ ಇಡಿ, ಕತ್ತಿಗೆ ಕೆಲಸ ಕೊಡ್ದಿದ್ರೆ ಅದು ಕೆಲಸ ಮರೆತುಬಿಡತ್ತೆ. ಆಮೇಲೆ ಶುರುವಾಯಿತು ವ್ಯಾಯಾಮ, ಗದ್ದ ಒಳಗೆಳೆದುಕೋ, ಅಂಗೈಯನ್ನು ಹಣೆಗೊತ್ತು ಹಣೆಯನ್ನು ಅಂಗೈಗೊತ್ತು, ಬೆನ್ನಿನ ರೆಕ್ಕೆ ಎರಡನ್ನೂ ಹಿಂದೆ ಕೂಡಿಸು, ದಿಂಬು ಒಂದೇ ಸಾಕು, ಇನ್ನೊಂದನ್ನು ನಮ್ಮನೆಯವರು ಕಿತ್ತುಕೊಂಡು ಹೋಗಿ ತಾವು ಹಾಕಿಕೊಂಡರು, ಸೇವೆ ಅಂದರೆ ಅದು. ಮತ್ತು ಅಳತೆ. ದರ್ಜಿಯ ಕೈಗೆ ಟೇಪು ಯಾರು ಹೇಳಿಕೊಡಬೇಕು, ತಲೆ ತಿರುಗಿಸಿದಾಗ ಗದ್ದದಿಂದ ಭುಜದ ಮೂಳೆಗೆ ಎಷ್ಟು ಅಂತರ, ಎಡಕ್ಕೆ ನಾಲ್ಕೂಕಾಲು ಇಂಚು, ಬಲಕ್ಕೆ ಏಳು, ಬಲವೂ ನಾಲ್ಕೂಕಾಲಿಗೆ ಬಂದರೆ ಗೆದ್ದಂತೆ. ಪ್ರತಿ ಸಂಜೆ ಅತ್ತೆ ಟೇಪು ಹಿಡಿಯುವುದು ನಾನು ತಿರುಗುವುದು, ಆರೂವರೆ, ಆರು, ಐದೂಮುಕ್ಕಾಲು, ಆರನೇ ವಾರಕ್ಕೆ ನಾಲ್ಕೂಕಾಲು! ಆದರೆ ತಲೆನೋವು ಹೋಗದು, ಇದೇನು ಕರ್ಮ, ಅಳತೆ ಸರಿಯಾಗಿದೆ ಅಂಗಿ ಕೂರುತ್ತಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಬಂದರು ಅವತ್ತು, ಇನ್ನೊಂದ್ಸಲ ತಿರುಗು ನೋಡೋಣ, ತಿರುಗಿದೆ, ನೋಡಿದರು, ನಕ್ಕರು, ಏನಮ್ಮಾ, ನಿನ್ನ ಗದ್ದ ಎಲ್ಲಿ ಹೋಯ್ತು ಭುಜದ ಹತ್ರ, ಭುಜಾನೇ ಎದ್ದು ಗದ್ದದ ಹತ್ರ ಬಂತಲ್ಲ! ಹಂಗೆ ಎತ್ಕೊಂಡ್ರೆ ನಂದೂ ಮುಟ್ಟತ್ತೆ. ಇಲ್ಲ ಅತ್ತೆ, ನಾನೆಲ್ಲಿ ಎತ್ತಿದೆ, ಅನ್ನುತ್ತಲೇ ಕೈ ತಾನಾಗಿ ಬಲಭುಜಕ್ಕೆ ಹೋಯಿತು, ಅತ್ತೆ ಬಿಡುತ್ತಾರೆಯೇ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಲು. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವ ಗಿರಾಕಿಗಳಿಗೆ ಹದಿನೆಂಟು ವರ್ಷ ಬೈದವಳು ನಾನು, ಉಸಿರು ಬಿಡಿ ಸಾರ್, ಊಟ ಆದ್ಮೇಲೆ ಗುಂಡಿ ಯಾರ ಕಣ್ಣಿಗೆ ಹಾರತ್ತೋ ಅಂತ, ನಾನೇ ನನಗೆ ಸುಳ್ಳು ಅಳತೆ ಕೊಟ್ಟುಕೊಂಡು ಮೂರು ವಾರ ಖುಷಿಪಟ್ಟಿದ್ದೆ, ಭುಜವನ್ನು ಕಿವಿಯವರೆಗೆ ಎತ್ತಿ ದಿನವಿಡೀ ಹಾಗೇ ಹಿಡಿದು ಕೂತರೆ ತಲೆ ನೋಯದೆ ಇನ್ನೇನಾಗುತ್ತದೆ. ಅತ್ತೆ ಭುಜದ ಮೇಲೆ ಎರಡೂ ಕೈಯಿಟ್ಟು ಒತ್ತಿ ಹಿಡಿದರು, ಇಳಿಸು, ಈಗ ತಿರುಗು. ಐದೂವರೆ. ಅವತ್ತು ನಾನು ಅತ್ತುಬಿಟ್ಟೆ. ಅಳಬೇಡ, ಕತ್ತು ಹೋದ್ರೆ ಇನ್ನೊಂದು ಹೊಲ್ಕೊಳ್ಳೋಕಾಗತ್ತಾ, ಇರೋದನ್ನೇ ಸರಿ ಮಾಡ್ಕೊ ಅಂದರು, ಆಟ ಬಿಡು ಅಂತಾರೆ ಅಂದುಕೊಂಡಿದ್ದೆ, ಅನ್ನಲಿಲ್ಲ.

ನಿನ್ನೆ ಸಂಜೆ ಅಳೆದಾಗ ನಾಲ್ಕೂವರೆ ಇಂಚು, ಭುಜ ಇಳಿಸಿಯೇ, ಅತ್ತೆಯ ಕೈಕೆಳಗೇ. ಅಷ್ಟಾದರೂ ನಿನ್ನೆಯೇ ಯಾಕೆ ಬಂತು ಆ ಶನಿ, ಮೂರು ವಾರದಿಂದ ದಿನಾ ಗೋಡೆಗೆ ಚೆಂಡು ಹೊಡೆದಿದ್ದೇನೆ, ಓಡಿದ್ದೇನೆ, ಒಂದು ದಿನವೂ ತಲೆ ನೊಂದಿಲ್ಲ, ಆದರೆ ಗೋಡೆಗೆ ಹೊಡೆಯುವ ಚೆಂಡು ಕಣ್ಣಿನೆತ್ತರಕ್ಕೆ ಬರುತ್ತದೆ, ಮೇಲೆ ಹೋಗುವುದಿಲ್ಲ, ಮೇಲೆ ಹೋಗದ ಹಾಗೆ ನಾನೇ ನೋಡಿಕೊಂಡಿದ್ದೇನೆ, ಅದೂ ಒಂದು ಸುಳ್ಳು ಅಳತೆಯೇ ತಾನೇ — ಬೂಟುಗಳು ಬಂದವು. ಏಳಿ ಅಮ್ಮ, ಪಕ್ಕಕ್ಕೆ ಹೊರಳಿ ನಿಧಾನಕ್ಕೆ. ಎದ್ದು ಕೂತೆ, ಕೋಣೆ ಒಂದು ಸುತ್ತು ತಿರುಗಿ ಸರಿಯಾಗಿ ನಿಂತಿತು, ಕಿಟಕಿ, ಗೋಡೆಯ ಮೇಲೆ ಎಲುಬಿನ ಚಿತ್ರ, ಡಾಕ್ಟರ ಕನ್ನಡಕದಲ್ಲಿ ಎರಡು ಪುಟ್ಟ ನಾನು. ನನ್ನ ಕೈ ತಳ್ಳಿ ಹಣೆಯಿಂದ, ಅಂದರು, ಇನ್ನೂ, ಶಭಾಷ್, ಈಗ ಪಕ್ಕದಿಂದ, ಎಡಕ್ಕೆ ತಿರುಗಿ, ಸರಿ, ಈಗ ಬಲಕ್ಕೆ. ಬಲಕ್ಕೆ ತಿರುಗುತ್ತಿದ್ದೇನೆ, ತಿರುಗುತ್ತಿದ್ದೇನೆ, ಇನ್ನು ಕಾಲು ಇಂಚು ಬೇಕು, ಭುಜ, ಅಗೋ ಆ ಕಳ್ಳ ಭುಜ ತಾನಾಗಿ ಏಳುತ್ತಿದೆ, ಏಳಲಿ ಬಿಡು, ಕಾಲೇ ಕಾಲು ಇಂಚು, ಯಾರಿಗೆ ಕಾಣುತ್ತದೆ, ಭಾನುವಾರ, ಲಂಬೂ, ನೆಟ್ಟು — ಇಳಿಸು, ಅತ್ತೆ ಇಲ್ಲಿಲ್ಲ, ಆದರೂ ಅವರ ಎರಡು ಕೈ ನನ್ನ ಹೆಗಲ ಮೇಲಿವೆ, ಕೂಗಲಿಲ್ಲವಲ್ಲ ನೀನು ಅವತ್ತು, ಒಂದೇ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಈ ಹನ್ನೊಂದು ವಾರವೇ ಇರುತ್ತಿರಲಿಲ್ಲ. ಭುಜ ಇಳಿಸಿದೆ. ಡಾಕ್ಟ್ರೇ, ಸುಳ್ಳು ಹೇಳ್ದೆ. ನಿನ್ನೆ ಬಂದಿತ್ತು ತಲೆನೋವು.

ಅವರು ನಗುತ್ತಾರೆ ಅಂತ ನಾನು ಎಣಿಸಿರಲಿಲ್ಲ. ಬಿಸಿ ಚೀಲ ಇಡುವಾಗ್ಲೇ ನನ್ನ ಬೆರಳಿಗೆ ಗೊತ್ತಾಗಿತ್ತು, ಬಲಗಡೆ ಗಂಟು ಕಟ್ಟಿದೆ, ನಿಮ್ಮ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ, ಎಷ್ಟು ಹೊತ್ತಿಗೆ ಬಂತು? ಮೂರಕ್ಕೆ. ಅದಕ್ಕೆ ಮುಂಚೆ ಏನ್ ಮಾಡ್ತಿದ್ರಿ? ಹೊಲೀತಿದ್ದೆ, ಶಾಲೆ ಮಕ್ಕಳ ಸಮವಸ್ತ್ರ, ನಲವತ್ತು ಕಾಲರ್. ಎಷ್ಟು ಸಲ ಎದ್ರಿ? ಎದ್ದಿಲ್ಲ. ಮಿಷಿನ್ ಮೇಜಿನ ಕಾಲಿಗೆ ಇಟ್ಟಿಗೆ ಕೊಡಿ, ಬಗ್ಗೋದು ಕಡಿಮೆ ಆಗತ್ತೆ ಅಂದಿದ್ನಲ್ಲ, ಕೊಟ್ರಾ? ನೆಲ ನೋಡಿದೆ, ಸೊಟ್ಟ ಗೆರೆ ನನ್ನನ್ನೇ ನೋಡುತ್ತಿತ್ತು. ಇಟ್ಟಿಗೆ ನಾಲ್ಕು ಹಿತ್ತಲಲ್ಲಿ ಬಿದ್ದಿವೆ, ಅತ್ತೆ ತೊಳೆದೂ ಇಟ್ಟಿದ್ದಾರೆ, ಹದಿನೆಂಟು ವರ್ಷ ಕೂತ ಹಾಗೇ ಕೂರುತ್ತೇನೆ, ಮೇಜು ಎತ್ತರಿಸಿದರೆ ಹೊಲಿಗೆ ಕೆಡುತ್ತದೆ ಅಂತ ನನ್ನ ಹಟ. ಹಾಗಾದ್ರೆ ಅಮ್ಮ, ಭಾನುವಾರ ಆಡ್ಬೇಡಿ ಅನ್ನೋದು ತಪ್ಪು, ಸೋಮವಾರ ಹಾಗೆ ಹೊಲೀಬೇಡಿ ಅನ್ಬೇಕು ನಾನು. ಏಟು ಕೊಟ್ಟಿದ್ದು ಆಟ, ಅದು ವಾಸಿಯಾಗ್ತಾ ಬಂತು, ಈ ತಲೆನೋವು ಸಾಕ್ಕೊಂಡಿರೋದು ನೀವು, ಕತ್ತು ಬಗ್ಗಿಸಿ ಭುಜ ಎತ್ತಿ. ಇವತ್ತೇ ಇಟ್ಟಿಗೆ, ಅರ್ಧ ಗಂಟೆಗೊಂದು ಸಲ ಎದ್ದು ಬಾಗಿಲವರೆಗೆ ಹೋಗಿ ಬರೋದು, ಪಂದ್ಯದಲ್ಲೂ ನೋವು ಬಂತು ಅಂದ್ರೆ ತಕ್ಷಣ ಹೊರಗೆ, ಬಾಯಿಬಿಟ್ಟು ಹೇಳೋದು, ಒಪ್ಪಿಗೇನಾ? ಒಪ್ಪಿಗೆ, ಒಪ್ಪಿಗೆ ಡಾಕ್ಟ್ರೇ, ನಲವತ್ತು ಕಾಲರಿನ ಮೇಲೆ ಇಷ್ಟು ಪ್ರೀತಿ ಬಂದದ್ದು ಇದೇ ಮೊದಲು. ಆದ್ರೆ ಇನ್ನೊಂದಿದೆ, ಅಂದರು, ಮೇಲೆ ನೋಡೋದು, ಅದನ್ನ ನೀವು ನನಗೆ ಒಂದ್ಸಲಾನೂ ತೋರಿಸಿಲ್ಲ. ಕ್ಲಿನಿಕ್ಕಿನ ಹಿತ್ತಲ ಬಾಗಿಲು ತೆರೆದರು, ಬಿಸಿಲು, ಕಣ್ಣಿಗೆ ಹೊಡೆಯುವ ಬಿಸಿಲು, ಒಗೆದ ಟವೆಲುಗಳ ಸಾಲು, ನಡುವೆ ಖಾಲಿ ನೆಲ, ಲಂಬೂ ಆಗಲೇ ಅಲ್ಲಿ ನಿಂತಿದ್ದಾಳೆ ಚೆಂಡು ಹಿಡಿದು, ಡಾಕ್ಟರೇ ಹೇಳಿ ನಿಲ್ಲಿಸಿರಬೇಕು, ಅವಳ ಮುಖ ಬಿಳಿಚಿದೆ, ಓಹೋ, ಹೆದರಿದವಳು ನಾನೊಬ್ಬಳೇ ಅಲ್ಲ. ಎಸೀಲೇನೇ? ಎಸಿ. ಮೆತ್ತಗೆ ಎಸೀತೀನಿ. ಮೆತ್ತಗೆ ಬೇಡ, ಮೇಲೆ ಎಸಿ, ತೀರಾ ಮೇಲೆ. ಕೈ ಬೀಸಿದಳು, ಹೋಯಿತು, ಟವೆಲಿನ ಹಗ್ಗ ದಾಟಿ, ಮಾಡಿನ ಅಂಚು ದಾಟಿ, ಗದ್ದ ಏಳುತ್ತಿದೆ, ಕತ್ತು ಹಿಂದಕ್ಕೆ, ಇನ್ನೂ ಹಿಂದಕ್ಕೆ, ಭುಜ ಇಳಿಸು, ಇಳಿದೇ ಇದೆ ಅತ್ತೆ, ನೋವೆಲ್ಲಿ, ಬರಲಿ ನೋಡೋಣ, ಬರುತ್ತಿಲ್ಲ, ಕಾಲು ತಾನಾಗಿ ಹಿಂದೆ ಒಂದು ಹೆಜ್ಜೆ, ಎರಡು, ಮೇಲೆ ಹೋದ ಕೈಬೆರಳುಗಳ ನಡುವೆ ಆಕಾಶ, ನಂದು — ಯಾರು ಕೂಗಿದ್ದು, ನಾನೇ, ಬೀದಿಗೆಲ್ಲ ಕೇಳುವಂತೆ, ನಂದು, ನಂದು — ಬಿಳಿ ಚೆಂಡು, ಹಿಂದೆ ಬಿಸಿಲು, ನಿಂತಿದೆ, ನನಗೋಸ್ಕರ ಕಾಯುತ್ತಾ ನಿಂತಿದೆ