ಪಕ್ಕದ ಕುರ್ಚಿಯ ಸಾಕ್ಷಿ

ಚಹಾದ ದೊಡ್ಡ ಪಾತ್ರೆ ಉಸ್ಸೆನ್ನುತ್ತಿದೆ, ಹಿಂದೆ ಯಾರದೋ ಶುಂಠಿ ಬಿಸ್ಕತ್ತು ಕಪ್ಪಿನಲ್ಲೇ ಮುರಿದುಬಿತ್ತು, ಪರದೆಯ ಮೇಲೆ ಜೂಜಿನಂಗಡಿ ಪರವಾನಗಿಯ ಕರಡು ನೀತಿ, ಸಾರ್ವಜನಿಕ ಸಮಾಲೋಚನೆ — ಜೂಜಿಗೂ ಒಂದು ನೀತಿ, ನರಿಗೂ ಒಂದು ಕೋಳಿಗೂಡಿನ ವೇಳಾಪಟ್ಟಿ, ಎಂದುಕೊಂಡಳು ಎನಿಡ್ — ಸಾರ್ವಜನಿಕರೆಂದರೆ ಗ್ರಂಥಾಲಯದಲ್ಲಿ ಕೂತಿರುವ ಈ ಹದಿನಾಲ್ಕು ಜನ, ಅದರಲ್ಲಿ ಮೂವರು ಮಳೆಗೆ ಒಳಬಂದವರು, ಒಬ್ಬ ಗೊರಕೆಯಲ್ಲೇ ಸಮಾಲೋಚಿಸುತ್ತಿದ್ದಾನೆ, ಪಕ್ಕದಲ್ಲಿ ಇವಳ ಗಂಡ ಡೆಸ್ಮಂಡ್, ಇಸ್ತ್ರಿಯಾದ ನೀಲಿ ಅಂಗಿ, ಮೂವತ್ತು ವರ್ಷ ಕಡಲದಂಡೆಯ ಬಸ್ಸು ಓಡಿಸಿದ ಕೈಗಳು ಮಡಿಲಲ್ಲಿ, ಹನ್ನೊಂದು ತಿಂಗಳಿಂದ ಸುಮ್ಮನಿರುವ ಕೈಗಳು, ಜೂಜಿನ ಯಂತ್ರದ ಗುಂಡಿ ಒತ್ತಿ ಒತ್ತಿ ಬಲಹೆಬ್ಬೆರಳು ಗಟ್ಟಿಯಾಗಿತ್ತು, ಈಗ ಮೆತ್ತಗಾಗಿದೆ, ಇವಳು ರಾತ್ರಿ ಮುಟ್ಟಿ ನೋಡುತ್ತಾಳೆ, ಜ್ವರ ನೋಡುವ ಹಾಗೆ — ಮುಚ್ಚಿದ ಚಪ್ಪಲಿ ಅಂಗಡಿಯಲ್ಲಿ ಯಂತ್ರಗಳನ್ನು ಇಡುತ್ತಾರಂತೆ, ಔಷಧಿ ಅಂಗಡಿಯ ಪಕ್ಕದಲ್ಲೇ, ಗುರುವಾರ ಗುರುವಾರ ರಕ್ತದೊತ್ತಡದ ಮಾತ್ರೆಗೆ ಇವನು ಹೋಗುವ ದಾರಿ, ಅಲ್ಲಿ ಬೇಡ ಅಂತ ನೀತಿಯಲ್ಲೇ ಬರೆಸಬೇಕು, ಅಷ್ಟಕ್ಕೇ ಬಂದದ್ದು, ಬರೆದುಕೊಂಡು ಬಂದದ್ದನ್ನು ಓದಿಯೂ ಆಯಿತು, ಪರವಾನಗಿ ಅಧಿಕಾರಿ ಓಕ್ಲಿ ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. ಮೇಡಂ, ಜೂಜು ಕೆಟ್ಟದ್ದು ಅನ್ನೋ ಅಭಿಪ್ರಾಯ ನಾವು ಲೆಕ್ಕಕ್ಕೆ ತಗೋಳೋ ಹಾಗಿಲ್ಲ, ಕಾನೂನಲ್ಲೇ ಇಲ್ಲ, ಆ ಜಾಗದಲ್ಲಿ ದುರ್ಬಲರಿಗೆ ತೊಂದರೆ ಆಗುತ್ತೆ ಅನ್ನೋಕೆ ಸಾಕ್ಷಿ ಇದ್ರೆ ಕೊಡಿ, ಪುಟ ಹದಿನಾಲ್ಕು ನೋಡಿ, ಚಹಾ ಆದ್ಮೇಲೆ ಹೇಳಿದ್ರೂ ಆಯ್ತು.

ಸಾಕ್ಷಿ ಇದೆಯಲ್ಲ, ಪಕ್ಕದ ಕುರ್ಚಿಯಲ್ಲೇ ಕೂತಿದೆ, ಎರಡು ಚಮಚ ಸಕ್ಕರೆ ಹಾಕಿಕೊಂಡಿದೆ — ಆದರೆ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವನು ಹೇಳಿದ್ದು, ನನ್ನ ವಿಷಯ ಮಾತ್ರ ಎತ್ತಬೇಡ ಎನಿಡ್, ಬೌಲಿಂಗ್ ಕ್ಲಬ್ಬಿನೋರೆಲ್ಲ ಬರ್ತಾರೆ, ಆಯ್ತು ಕಣೋ ಅಂದಿದ್ದಳು, ದುರ್ಬಲ ಅಂತೆ, ಆರಡಿ ಎರಡಂಗುಲದ ಮನುಷ್ಯ, ಎದ್ದು ನಿಂತು ಇವನೇ ನೋಡಿ ಅಂದರೆ ಚಪ್ಪಲಿ ಅಂಗಡಿ ಉಳಿದೀತು, ಇವನು ಉಳಿದಾನೆಯೇ, ಅನ್ನದಿದ್ದರೆ ಗುರುವಾರ — ಅಷ್ಟರಲ್ಲಿ ಚಹಾ ಹಂಚುತ್ತಿದ್ದ ಗ್ಲೆನಿಸ್ ಚೀಟಿಯೂ ಚಿಲ್ಲರೆಯೂ ತುಂಬಿದ ಬಿಸ್ಕತ್ತು ಡಬ್ಬಿ ಗಲಗಲ ಅಲ್ಲಾಡಿಸುತ್ತಾ ಬಂದಳು, ಅದೃಷ್ಟದ ಚೀಟಿ ಎತ್ತೋ ಹೊತ್ತು, ದುಡ್ಡೆಲ್ಲ ಲೈಫ್‌ಬೋಟಿಗೆ ಕಣ್ರಪ್ಪಾ, ಮುಳುಗೋರನ್ನ ಎತ್ತೋಕೆ, ಬಹುಮಾನ ಒಂದು ಸೋಪಿನ ಪೆಟ್ಟಿಗೆ, ಓಕ್ಲಿಯವರೇ, ನೀವು ಗೆದ್ರೆ ಲಂಚ ಅನ್ಕೋಬೇಡಿ ಮತ್ತೆ. ಈ ಊರಿನಲ್ಲಿ ಮೂರು ಜನ ಕೂತರೆ ಚೀಟಿ ಹರಿಯಲೇಬೇಕು, ಮದುವೆಯಾಗಲಿ ಹೆಣ ಹೂತು ಬಂದ ಮೇಲಿನ ಚಹಾ ಆಗಲಿ, ಜೂಜಿನ ಅಹವಾಲು ಸಭೆಯಲ್ಲೂ, ಯಾರಿಗೂ ನಗು ಬರಲಿಲ್ಲವಲ್ಲ, ಇವಳಿಗೆ ತಾನೇ ಎಲ್ಲಿ ಬಂತು, ಒಳಗೆ ಬರುವಾಗಲೇ ಬಾಗಿಲಲ್ಲಿ ಒಂದು ಸಾಲು ಚೀಟಿ ತಗೋಳೇ ಅಂದಿದ್ದಳು ಗ್ಲೆನಿಸ್, ಛತ್ರಿ ಮಡಚಿಕೊಳ್ಳುತ್ತಾ ಇವಳು ಕೊಂಡಳು, ನಲವತ್ತು ವರ್ಷದಿಂದ ಕೊಂಡ ಹಾಗೆ, ಕೈಯಲ್ಲಿ ಕಪ್ಪು ಬಂತು, ಹಿಡ್ಕೋ ಅಂತ ಹಸಿರು ಚೀಟಿಗಳನ್ನು ಕೊಟ್ಟದ್ದು — ಯಾರಿಗೆ, ಅಯ್ಯೋ ಎನಿಡ್, ಯಾರಿಗೆ ಕೊಟ್ಟೆ.

ಹಸಿರು, ನೂರ ನಲವತ್ತೇಳು. ಹಿಂದಿನ ಸಾಲಿನಲ್ಲಿ ಮಳೆಗೆ ಬಂದವಳೊಬ್ಬಳು ಕೈಯೆತ್ತಿದಳು. ಡೆಸ್ಮಂಡ್ ಚೀಟಿಯನ್ನು ಬೆಳಕಿಗೆ ಹಿಡಿದ, ನಂದು ನಲವತ್ತೆಂಟು, ಒಂದೇ ಒಂದ್ರಲ್ಲಿ ಹೋಯ್ತು ನೋಡು, ಆ ದನಿ, ಹನ್ನೊಂದು ತಿಂಗಳಿಂದ ಮನೆಯಲ್ಲಿ ಇರದಿದ್ದ ದನಿ, ಇನ್ನೊಂದ್ಸಲ ಎತ್ತುತ್ತಾರಾ ಕೇಳೇ, ಸೋಪು ತಾನೇ, ಬರೀ ಸೋಪು — ಮೇಡಂ, ಸಾಕ್ಷಿ ಇದ್ರೆ ಹೇಳಿ ಅಂದಿದ್ನಲ್ಲ, ಓಕ್ಲಿ ಈಗ ಪೆನ್ನಿನ ಮುಚ್ಚಳ ತೆಗೆದಿದ್ದಾನೆ, ಇವಳು ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ, ಹದಿನಾಲ್ಕು ಮುಖಗಳು, ಬಾಯಿ ತೆರೆದಿದೆ, ಕಣ್ಣು ಕೆಳಗೆ, ನೀಲಿ ಅಂಗಿಯ ತೋಳಿನ ಕೆಳಗೆ, ಮಂಡಿಯ ಮೇಲೆ ಚೀಟಿ, ಚೀಟಿಯ ಮೇಲೆ ಹೆಬ್ಬೆರಳು, ಒತ್ತುತ್ತಿದೆ, ಬಿಡುತ್ತಿದೆ, ಒತ್ತುತ್ತಿದೆ.