ಕುಡಗೋಲು ಮಸೆದ ಕಲ್ಲು

ಹಳೆಗನ್ನಡದ ಶಾಸನ ಓದುವುದನ್ನು ನಾನು ಕಲಿತದ್ದು ಸಿಟ್ಟಿನಿಂದ. ಹುಮನಾಬಾದಿನ ಶಾಲೆಯಲ್ಲಿ ಹೊಟ್ಟೆಪಾಡಿಗೆ ಉರ್ದು ಕಲಿಸುತ್ತಿದ್ದೆ. ಕನ್ನಡಕ್ಕೆ ಅಲ್ಲಿ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. ರಜೆ ಬಂದಾಗಲೆಲ್ಲ ಕಲ್ಯಾಣದ ಕಡೆ ಹೋಗಿ, ಹಾಳು ಗುಡಿಗಳಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಅಕ್ಷರ ಬಿಡಿಸುತ್ತಿದ್ದೆ. ಹತ್ತು ವರ್ಷದಲ್ಲಿ ಆ ಸೀಮೆಗೆಲ್ಲ ಕಲ್ಲು ಓದುವವನು ಚನ್ನಬಸಪ್ಪ ಮಾಸ್ತರ ಒಬ್ಬನೇ ಎಂದು ಹೆಸರಾಯಿತು. ಆ ಹೆಸರು ನನ್ನ ತಲೆಗೂ ಏರಿತ್ತು. ನಾನು ಓದಿದ್ದೇ ಓದು, ತಪ್ಪು ಎನ್ನುವವರು ಯಾರೂ ಇರಲಿಲ್ಲ.

1937ರ ಮಾಘದಲ್ಲಿ ಹೈದರಾಬಾದಿನಿಂದ ಒಬ್ಬ ಸಾಹೇಬರು ಬಂದರು. ನೌಕರಿ ಮುಗಿಸಿ ಮನೆಯಲ್ಲಿ ಕೂರಲಾರದೆ ಹಳೆಯ ಕಟ್ಟಡಗಳ ಮೇಲೆ ಉರ್ದುವಿನಲ್ಲಿ ಪುಸ್ತಕ ಬರೆಯುತ್ತಿದ್ದರು. ಕನ್ನಡ ಒಂದಕ್ಷರ ಬಾರದು. ಊರು ತೋರಿಸಲು, ಕಲ್ಲು ಓದಿ ಹೇಳಲು ನಾನು ಬೇಕಾಯಿತು. ಬೆಳಿಗ್ಗೆ ಕಲ್ಯಾಣದ ಕೋಟೆ, ಮಧ್ಯಾಹ್ನ ನಾರಾಯಣಪುರದ ಶಿವಾಲಯ, ಸಂಜೆ ಹುಮನಾಬಾದಿನಲ್ಲಿ ಮಿಶನ್ನಿನವರ ಗಿರ್ಜಾ, ಅಂದರೆ ಚರ್ಚು, ಎಂದು ಗೊತ್ತು ಮಾಡಿಕೊಂಡೆವು. ಕೋಟೆಯಲ್ಲಿ ಅವರು ಬಿದ್ದ ಗೋಡೆಗಳ ನಡುವೆ ಬಹಳ ಹೊತ್ತು ಸುಮ್ಮನೆ ಅಡ್ಡಾಡಿದರು. ಬಾವಲಿಗಳ ನಾತಕ್ಕೆ ಮೂಗಿಗೆ ಕರವಸ್ತ್ರ ಹಿಡಿದುಕೊಂಡು, "ಎಲ್ಲಾ ಮುಗಿದ ಮೇಲೆ ನೋಡಲು ಬರುತ್ತೇವೆ, ಮಾಸ್ತರ್‌ಸಾಬ್" ಎಂದರು. ಅವರು ಒಳ್ಳೆಯವರು, ನಾನು ಕೊಟ್ಟದ್ದನ್ನೆಲ್ಲ ನಂಬಿ ಬರೆದುಕೊಳ್ಳುತ್ತಿದ್ದರು.

ನಾರಾಯಣಪುರದ ಆಚೆ ಒಂದು ಹಳ್ಳಿಯಲ್ಲೂ ನಿಲ್ಲಬೇಕಿತ್ತು. ಆ ಹಳ್ಳಿಯ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಇನ್ನೂ ಇದ್ದಾರೆ.

ಅಲ್ಲಿ ಒಂದು ಹಾಳು ಗುಡಿ, ಅದರ ಮುಂದೆ ಮೆಟ್ಟಿಲಿನ ಬಾವಿ. ಗುಡಿ ಹಾಳಾಗಿದ್ದಷ್ಟು ಕಾಲ ಆ ಬಾವಿ ಯಾರಿಗೂ ಬೇಕಿರಲಿಲ್ಲ. ಹೊಲಗೇರಿಯ ಹದಿನೆಂಟು ಮನೆಯವರು ಅಲ್ಲೇ ನೀರು ತುಂಬುತ್ತಿದ್ದರು. ವೈಜಿನಾಥ ಪಾಟೀಲರು ಗುಡಿ ರಿಪೇರಿ ಮಾಡಿಸಿ ಲಿಂಗಕ್ಕೆ ಪೂಜೆ ಶುರುಮಾಡಿಸಿದರು. ಪೂಜೆಗೆ ಮಡಿನೀರು ಬೇಕಾಯಿತು. ಕೇರಿಯವರಿಗೆ ಹಳ್ಳದ ದಾರಿ ತೋರಿಸಿದರು. ಮಚ್ಚೇಂದ್ರ ಎಂಬ ಕೂಲಿಯವನು ತಹಸೀಲಿಗೆ ಅರ್ಜಿ ಕೊಟ್ಟ: ಈ ಬಾವಿ ತೋಡಿಸಿದವರು ನಮ್ಮ ಹಿರಿಯರು, ನಮ್ಮ ಮುತ್ಯಾ ಹೇಳುತ್ತಿದ್ದ, ಬಾವಿಯ ಕಲ್ಲಿನ ಮೇಲೆ ಬರೆದೂ ಇದೆ ಎಂದು. ತಹಸೀಲಿನಿಂದ ಉತ್ತರ ಬಂತು. ಕಲ್ಲು ಓದಿಸಿ, ಅದರಲ್ಲಿ ಏನಿದೆಯೋ ಹೈದರಾಬಾದಿನ ಸಾಹೇಬರು ಬರೆದುಕೊಡಲಿ, ಅದರಂತೆ ಆಗಲಿ. ಪಾಟೀಲರೂ ಒಪ್ಪಿದರು.

ಅಂದು ಮಧ್ಯಾಹ್ನ ಪಾಟೀಲರ ಮನೆಯಲ್ಲೇ ನಮ್ಮ ಊಟ. ಹೋಳಿಗೆ ಮೇಲೆ ತುಪ್ಪ ಸುರಿಯುತ್ತ ಪಾಟೀಲರು, "ನೀವು ಓದಿದಂಗ ಆಗಲಿ ಮಾಸ್ತರ, ನಮ್ಮದೇನೂ ಒತ್ತಾಯ ಇಲ್ರಿ" ಎಂದರು. ನಿಜಕ್ಕೂ ಒತ್ತಾಯ ಇರಲಿಲ್ಲ. ಇದ್ದಿದ್ದರೆ ಇವತ್ತು ತಪ್ಪನ್ನು ಅವರ ಮೇಲೆ ಹಾಕಿ ಹಾಯಾಗಿರುತ್ತಿದ್ದೆ.

ಬಾವಿಯ ಹತ್ತಿರ ಮಚ್ಚೇಂದ್ರ, ಅವನ ಹೆಂಡತಿ ದ್ರೌಪತಿ, ಹಿಂದೆ ದೂರದಲ್ಲಿ ಕೇರಿಯವರೆಲ್ಲ ನಿಂತಿದ್ದರು. ದ್ರೌಪತಿ ಮೂರು ದಿನ ತೆಂಗಿನ ನಾರು ಹಿಡಿದು ಕಲ್ಲು ತಿಕ್ಕಿ ತಿಕ್ಕಿ ಬೆರಳು ಸುಲಿದುಕೊಂಡಿದ್ದಳು. ಕಲ್ಲು ಕನ್ನಡಿಯಾಗಿತ್ತು. ಆದರೆ ಮೇಲಂಚಿನಲ್ಲಿ ಉದ್ದುದ್ದ ಗೀರುಗಳಿದ್ದವು.

"ಇವು ಏನು?" ಎಂದೆ.

ಮಚ್ಚೇಂದ್ರ ತಲೆ ಕೆಳಗೆ ಹಾಕಿದ. "ಕುಡಗೋಲ ಮಸದದ್ದು ಬಿಡ್ರಿ. ಸುಗ್ಗಿಗಿ ಹೋಗೋ ಮುಂದ ನಮ್ಮ ಅಪ್ಪ, ಮುತ್ಯಾ, ಎಲ್ಲರೂ ಇಲ್ಲೇ ಮಸೀತಿದ್ರು. ನಾನೂ ಮಸದೀನ್ರಿ. ಅಕ್ಷರ ಅಂತ ನಮಗ ಏನ ಗೊತ್ರಿ?"

ನಾನು ಬಗ್ಗಿ ಓದತೊಡಗಿದೆ. ಮೊದಲ ಸಾಲೇ ಬಾವಿಯದು. 'ಮಾಚಂ ಕಟ್ಟಿಸಿದ ಬಾವಿ' ಎಂಬುದು ನೆಟ್ಟಗಿತ್ತು. ಮಾಚ ಯಾರು ಎನ್ನುವ ಮಾತು ಅದರ ಹಿಂದೆಯೇ ಇತ್ತು, ಕುಡಗೋಲು ಓಡಿದ್ದೂ ಅಲ್ಲೇ. 'ಪೊ' ಇತ್ತು. 'ಲ'ದ ಹೊಟ್ಟೆ ಇತ್ತು, ತಲೆ ಹಾರಿತ್ತು, 'ಲ'ವೋ 'ಲೆ'ಯೋ ತಿಳಿಯದು. ಮುಂದಿನ ಅಕ್ಷರದ ಜಾಗದಲ್ಲಿ ಬರೀ ಗೀರು. ನಮ್ಮ ಹಕಾರಕ್ಕೆ ಹಳಬರು ಪಕಾರ ಬರೆಯುತ್ತಿದ್ದರು. ಹೊಲ ಎಂದರೆ ಪೊಲ, ಹೊಲೆಯ ಎಂದರೆ ಪೊಲೆಯ. ಹೊಲದ ಮಾಚನೋ, ಹೊಲೆಯ ಮಾಚನೋ?

ಕಣ್ಣಿಗೆ ಕಾಣದ್ದನ್ನು ಬೆರಳು ಓದುತ್ತದೆ. ತೋರುಬೆರಳನ್ನು ಗೀರಿನೊಳಗೆ ನಿಧಾನ ಎಳೆದೆ. ಅಡಿಯಲ್ಲಿ ಎರಡು ಸಣ್ಣ ತಗ್ಗು ಸಿಕ್ಕವು, ಬಲಕ್ಕೆ ಮೇಲೇಳುವ ಒಂದು ಬಾಲ. 'ದ'ಕ್ಕೆ ಅಂಥ ಬಾಲ ಇರುವುದಿಲ್ಲ. ಅದು 'ಯ'. ಎರಡು ಸಲ ಎಳೆದು ನೋಡಿದೆ. 'ಯ'ವೇ.

ತಲೆ ಎತ್ತಿದೆ. ಪಾಟೀಲರು ಕೊಡೆ ಹಿಡಿದು ನಿಂತಿದ್ದರು, ಅವರ ಹಿಂದೆ ಗುಡಿಯ ಪೂಜಾರಿ ತಾಮ್ರದ ಕೊಡ ಹಿಡಿದು ಕಾಯುತ್ತಿದ್ದ. ಶಿವನ ಮೈತೊಳೆಯುವ ಈ ನೀರು ಒಬ್ಬ ಹೊಲೆಯ ತೋಡಿಸಿದ್ದು ಎಂದು, ಅವರ ಮನೆಯ ತುಪ್ಪ ಇನ್ನೂ ಕೈಯಲ್ಲಿ ಜಿಡ್ಡಾಗಿರುವಾಗ, ನಾನು ಹೇಳಬೇಕಿತ್ತು. ಆ ಶಬ್ದ ನನಗೆ ಹೊಸದೇನಲ್ಲ. ದಾರಿ ಬಿಡದಿದ್ದರೆ, ಮಕ್ಕಳು ಪಾಠ ಒಪ್ಪಿಸದಿದ್ದರೆ ಸಲೀಸಾಗಿ ಬಾಯಿಗೆ ಬರುತ್ತಿತ್ತು. ಅವತ್ತೊಂದು ದಿನ ಬರಲಿಲ್ಲ.

"ಪೊಲದ ಮಾಚಂ" ಎಂದೆ. ಸಾಹೇಬರಿಗೆ ಉರ್ದುವಿನಲ್ಲಿ, ಹೊಲದ ಒಡೆಯ ಮಾಚ, ಒಬ್ಬ ರೈತ, ಎಂದು ಬಿಡಿಸಿ ಹೇಳಿದೆ. ಅವರು ಬರೆದುಕೊಂಡರು. ತಹಸೀಲಿಗೂ ಒಂದು ಚೀಟಿ ಬರೆದುಕೊಟ್ಟರು.

ದ್ರೌಪತಿ ಮುಂದೆ ಬಂದಳು. "ಮಾಸ್ತರ್ರಿ, ನೀವು ಬೆರಳ ಇಟ್ಟಲ್ಲಿ ನಾನೂ ಮೂರ ದಿನ ಬೆರಳ ಇಟ್ಟೀನ್ರಿ. ಅಲ್ಲಿ ಏನೋ ಬಾಲ ಅದ. ಇನ್ನೊಮ್ಮೆ ನೋಡ್ರಿ."

"ಓದಾಕ ಬರತದೇನು ನಿನಗ?" ಎಂದು ಗದರಿದೆ. ಪಾಟೀಲರು ನಕ್ಕರು. ಹೊತ್ತಾಗಿಬಿಟ್ಟಿತ್ತು, ಅಂದು ಗಿರ್ಜಾ ನೋಡುವುದು ಆಗಲಿಲ್ಲ.

ಮರುವರ್ಷ ಸಾಹೇಬರ ಪುಸ್ತಕ ಬಂತು. ಮುನ್ನುಡಿಯಲ್ಲಿ ನನ್ನ ಹೆಸರಿತ್ತು. ಬಾವಿಗೆ ಕಟ್ಟಿಗೆಯ ಬಾಗಿಲು ಬಂತು. ಅದರ ಮರು ಮಳೆಗಾಲ ಹಳ್ಳದ ನೀರಿನಿಂದ ಕೇರಿಯಲ್ಲಿ ವಾಂತಿಭೇದಿ ಎದ್ದಿತು. ಐದು ಜನ ಸತ್ತರು, ಅವರಲ್ಲಿ ಮಚ್ಚೇಂದ್ರನೂ ಒಬ್ಬ. ಸುದ್ದಿ ನನಗೂ ಮುಟ್ಟಿತು. ಆದರೂ ಆ ಕಡೆ ಹೋಗಲಿಲ್ಲ. ಕಲ್ಲು ಓದುವುದನ್ನೂ ಬಿಟ್ಟೆ. ಕಣ್ಣು ಮಂದವಾಗಿದೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ.

1941ರಲ್ಲಿ ಸಾಹೇಬರು ಮತ್ತೆ ಬಂದರು. ಪುಸ್ತಕ ಎರಡನೆಯ ಸಲ ಅಚ್ಚಾಗಲಿತ್ತು, ಬಿಟ್ಟುಹೋದ ಗಿರ್ಜಾವನ್ನೂ ಅದರಲ್ಲಿ ಸೇರಿಸಬೇಕಿತ್ತು. ಮೋಟಾರಿನಲ್ಲಿ ಕೂತಾಗಲೇ, "ತಪ್ಪೇನಾದರೂ ಇದ್ದರೆ ಹೇಳಿ ಮಾಸ್ತರ್‌ಸಾಬ್, ತಿದ್ದಿಬಿಡುತ್ತೇನೆ" ಎಂದರು. ನೋಡಿ ಹೇಳುತ್ತೇನೆ ಎಂದೆ.

ಗಿರ್ಜಾ ಸಾದಾ ಕಟ್ಟಡ. ಕರಿಕಲ್ಲಿನ ಗೋಡೆ, ಹೆಂಚಿನ ಮಾಡು, ಒಳಗೆ ಸಾಲು ಬೆಂಚುಗಳು. ಸಾಹೇಬರು ದಣಿದು ಬೆಂಚಿನ ಮೇಲೆ ಕೂತು ನೀರು ಕೇಳಿದರು. ಪಕ್ಕದ ಬಾಗಿಲಿನಿಂದ ಬಿಳಿ ಸೀರೆಯ ಹೆಂಗಸು ತಂಬಿಗೆ ತಂದಳು. ದ್ರೌಪತಿ. ಗಂಡ ಸತ್ತ ಮೇಲೆ ಮಿಶನ್ನಿನವರು ಅವಳನ್ನು ಇಲ್ಲಿ ಇಟ್ಟುಕೊಂಡಿದ್ದರು. ನನ್ನ ಗುರುತು ಹಿಡಿದಳು, ತಂಬಿಗೆಯನ್ನು ಸಾಹೇಬರ ಕೈಗೆ ಕೊಟ್ಟಳು. ಸಾಹೇಬರು ಗಟಗಟ ಕುಡಿದರು.

ನಾಲ್ಕು ವರ್ಷ ಮುಚ್ಚಿಟ್ಟಿದ್ದ ಮಾತು ಹೊರಗೆ ಬಂತು. "ದ್ರೌಪತಿ, ಅಲ್ಲಿ 'ಯ' ಇತ್ತು. ಹೊಲೆಯ ಮಾಚ ಅಂತ ಇತ್ತು. ನನಗ ಅವತ್ತೇ ಗೊತ್ತಿತ್ತು."

ಅವಳು ನನ್ನ ಕಡೆ ತಿರುಗಿದಳು. "ಆ ಮಾತು ದಿನಾ ಬೈಗಳಾಗಿ ಕೇಳೀವ್ರಿ ಮಾಸ್ತರ. ಅವತ್ತೊಂದ ದಿನ ನೀರಾಗಿ ಕೇಳಬೇಕಂತ ನಿಂತಿದ್ವಿ. ನನ್ನ ಮುಂದ ಹೇಳಿ ಈಗ ಏನ ಬಂತು? ಬರದವರು ಅಲ್ಲೇ ಕುಂತಾರ, ಅವರ ಮುಂದ ಹೇಳ್ರಿ. ಕೇರಿಯವರು ಇನ್ನೂ ಹಳ್ಳದ ನೀರೇ ಕುಡ್ಯಾಕತ್ತಾರ."

ಸಾಹೇಬರು ತಲೆ ಎತ್ತಿದರು. ಕಾಗದ, ಸೀಸದ ಕಡ್ಡಿ ಅವರ ತೊಡೆಯ ಮೇಲೇ ಇದ್ದವು. "ಏನನ್ನುತ್ತಿದ್ದಾಳೆ, ಮಾಸ್ತರ್‌ಸಾಬ್?" ಎಂದು ಉರ್ದುವಿನಲ್ಲಿ ಕೇಳಿದರು.

ಮುನ್ನುಡಿಯಲ್ಲಿ ನನ್ನ ಹೆಸರಿತ್ತು. ಬಾಯಿ ತೆರೆದೆ.

"ಇನ್ನಷ್ಟು ನೀರು ಬೇಕೇ ಎಂದು ಕೇಳುತ್ತಿದ್ದಾಳೆ" ಎಂದೆ, ಉರ್ದುವಿನಲ್ಲೇ.

ನಮ್ಮ ಸೀಮೆಯಲ್ಲಿ ಅಷ್ಟು ಉರ್ದು ಯಾರಿಗೆ ತಿಳಿಯುವುದಿಲ್ಲ? ದ್ರೌಪತಿ ಸಾಹೇಬರ ಕೈಯಿಂದ ಬರಿದಾದ ತಂಬಿಗೆ ತೆಗೆದುಕೊಂಡು ನೀರು ತರಲು ಹೋದಳು.