ಹನ್ನೊಂದು ಇಪ್ಪತ್ತರ ಕವರ್ ನೋಟ್

ಚಂದ್ರಶಾ ಒಳಗೆ ಬಂದಾಗ ತಲೆಗೆ ಟವೆಲ್ ಸುತ್ತಿಕೊಂಡಿದ್ದ. ಅದರ ಅಂಚಿನಲ್ಲಿ ರಕ್ತ ಕಪ್ಪಾಗಿ ಒಣಗಿತ್ತು. ಬಸ್ಸಿನ ಬಾಗಿಲು ಬಡಿಯಿತು ಎಂದ. ಹಣಮಂತರಾವ್ ನಂಬಿದರು.

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಒಂದು ಶಟರಿನ ಕೋಣೆ ಹಿಡಿದು ಅವರು ಹದಿನಾಲ್ಕು ವರ್ಷದಿಂದ ವಾಹನಗಳ ವಿಮೆ ಮಾಡಿಸುತ್ತಿದ್ದರು. ಚಂದ್ರಶಾನ ಹಳೆಯ ಅಂಬಾಸಿಡರಿನ ವಿಮೆ ಮುಗಿದು ಎರಡು ತಿಂಗಳಾಗಿತ್ತು. ಹಾಗಾದಾಗ ಹೊಸದನ್ನು ಬರೆಯುವ ಮೊದಲು ಗಾಡಿಯನ್ನು ಕಣ್ಣಾರೆ ನೋಡಬೇಕು. ಕೇಳಿದ್ದಕ್ಕೆ, ಗಾಡಿ ಕಮಲಾಪುರದಲ್ಲಿ ಮನೆಯ ಮುಂದೆ ನಿಂತಿದೆ ಎಂದ. ಗುರುತಿನ ಗಿರಾಕಿ. ರಾಯರು ‘ವಾಹನ ಪರಿಶೀಲಿಸಿದ್ದೇನೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಿ, ಪಾಲಿಸಿ ಬರುವವರೆಗೆ ನಡೆಯುವ ಕವರ್ ನೋಟಿನ ಚೀಟಿ ಹರಿದು ಕೊಟ್ಟರು. ಕಾರ್ಬನ್ ಪ್ರತಿ ಪುಸ್ತಕದಲ್ಲೇ ಉಳಿಯಿತು.

“ಇದು ಯಾವಾಗಿಂದ ಹಿಡೀತದ್ರಿ?” ಚಂದ್ರಶಾ ಕೇಳಿದ.

“ನಾ ಟೈಮ್ ಬರದ ಮಿನಿಟಿನಿಂದ. ಈಗ ಹನ್ನೊಂದು ಇಪ್ಪತ್ತು.”

“ಮುಂಜಾನಿಂದ ಹಾಕಾಕ ಬರೂದಿಲ್ಲೇನ್ರಿ?”

ರಾಯರು ನಕ್ಕರು. ಆ ಹೊತ್ತಿಗೆ ಅಂಬಾಸಿಡರ್ ಕಮಲಾಪುರದ ಹೊರಗೆ ಡಾಂಬರಿನ ಮೇಲೆ ಸುಟ್ಟು ಕರಕಲಾಗಿತ್ತು.

ಅಂದು ಬೆಳಿಗ್ಗೆ ಒಂಬತ್ತೂವರೆಗೆ ಚಂದ್ರಶಾ ಲಾರಿಯೊಂದನ್ನು ಹಿಂದೆ ಹಾಕಲು ಹೋಗಿ, ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣಿನ ಬಂಡಿ ತಳ್ಳುತ್ತಿದ್ದ ದೌಲಪ್ಪನಿಗೆ ಹೊಡೆದಿದ್ದ. ಬಂಡಿ ಚೂರಾಯಿತು. ಅಡಿಗೆ ಸಿಕ್ಕ ದೌಲಪ್ಪನನ್ನು ಗಾಡಿ ಇಪ್ಪತ್ತು ಮಾರು ಎಳೆದುಕೊಂಡು ಹೋಯಿತು. ಸುತ್ತಲಿನ ಹೊಲದವರು ಓಡಿ ಬಂದು ಚಂದ್ರಶಾನನ್ನು ಹೊರಗೆಳೆದು ಕಲ್ಲಿನಿಂದ ಜಜ್ಜಿದರು. ಅವನು ಹೇಗೋ ತಪ್ಪಿಸಿಕೊಂಡು ತೊಗರಿ ಹೊಲದಲ್ಲಿ ಓಡಿದ. ಜನ ಗಾಡಿಗೆ ಬೆಂಕಿ ಇಟ್ಟರು. ಮುಂದಿನ ಸ್ಟಾಪಿನಲ್ಲಿ ಬಸ್ಸು ಹತ್ತಿದವನು ಮನೆಗೂ ಹೋಗಲಿಲ್ಲ, ದವಾಖಾನೆಗೂ ಹೋಗಲಿಲ್ಲ. ನೇರವಾಗಿ ರಾಯರ ಕೋಣೆಗೆ ಬಂದಿದ್ದ. ದೌಲಪ್ಪನನ್ನು ಟೆಂಪೊದಲ್ಲಿ ಕಲಬುರಗಿಯ ಸರ್ಕಾರಿ ದವಾಖಾನೆಗೆ ತಂದರು. ಸಂಜೆ ಅವನು ಸತ್ತ.

ಕಮಲಾಪುರದ ಕಡೆಯಿಂದ ಬಂದವರ ಬಾಯಿಂದ ರಾಯರು ಸುದ್ದಿ ಕೇಳಿದರು. ಪುಸ್ತಕವನ್ನು ಮರುದಿನ ಬೆಳಿಗ್ಗೆಯೇ ಕಂಪನಿಗೆ ಒಪ್ಪಿಸಿ ನಡೆದದ್ದನ್ನು ಹೇಳಿಬಿಡಬೇಕು ಎಂದುಕೊಂಡರು. ಆದರೆ ಕೋಣೆ ತೆರೆಯುವಷ್ಟರಲ್ಲಿ ಚಂದ್ರಶಾ ಬಂದ. ಜೊತೆಗೆ ಅವನ ತಮ್ಮ ಧರ್ಮಣ್ಣ, ಮತ್ತೊಬ್ಬ ಗಟ್ಟಿಮುಟ್ಟಾದ ಆಳು. ಒಳಗೆ ಬಂದವರೇ ಶಟರನ್ನು ಅರ್ಧಕ್ಕೆ ಇಳಿಸಿದರು. ನಿನ್ನೆಯ ಹಾಳೆ ಹರಿದು ಹಾಕಿ, ಎಂಟು ಗಂಟೆ ಅಂತ ಹಾಕಿ ಹೊಸದು ಬರೆಯಿರಿ ಎಂದ ಚಂದ್ರಶಾ. ಸತ್ತವನ ಪರಿಹಾರವನ್ನೂ ಸುಟ್ಟ ಗಾಡಿಯ ಹಣವನ್ನೂ ಕಂಪನಿಯೇ ಕೊಡುತ್ತದೆ, ನಿಮ್ಮ ಗಂಟೇನು ಹೋಗುತ್ತದೆ ಎಂದ.

ಆಗೋದಿಲ್ಲ ಎಂದರು ರಾಯರು. ಆ ಗಳಿಗೆಯಲ್ಲಿ ಅವರಿಗೆ ನ್ಯಾಯ ಅನ್ಯಾಯ ಹೊಳೆದಿರಲಿಲ್ಲ. ಲೈಸೆನ್ಸ್ ಹೋಗುತ್ತದೆಂಬ ಭಯ ಮಾತ್ರ ಇತ್ತು.

“ಬರಿಯೋ ಕೈ ಬ್ಯಾಡ. ಎಡಗೈ ಹಿಡಿ,” ಎಂದು ಚಂದ್ರಶಾ ತಮ್ಮನಿಗೆ ಹೇಳಿದ.

ಧರ್ಮಣ್ಣ ಅವರ ಕೈಯನ್ನು ಕಬ್ಬಿಣದ ಮೇಜಿನ ಡ್ರಾಯರಿಗೆ ತುರುಕಿ ಹಿಡಿದ. ಚಂದ್ರಶಾ ಡ್ರಾಯರನ್ನು ಒದ್ದ. ಕಿರುಬೆರಳು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಆಳು ರಾಯರ ಬಾಯಿ ಒತ್ತಿ ಹಿಡಿದ. ಎರಡನೆಯ ಒದೆತಕ್ಕೆ ಉಂಗುರದ ಬೆರಳು ಹೋಯಿತು, ಉಗುರು ಕಿತ್ತು ಬಂತು. ಬಲಗೈಗೆ ಪೆನ್ನು ಕೊಟ್ಟರು. ಪೆನ್ನಿನ ತುದಿ ಹಾಳೆಗೆ ತಾಗಿತು. ಆಗ ರಾಯರಿಗೆ ಭಯ ಹೋಗಿ ಎಂದೂ ಬಾರದಂಥ ಸಿಟ್ಟು ಬಂತು. ಪೆನ್ನನ್ನು ಧರ್ಮಣ್ಣನ ಮುಂಗೈಗೆ ಚುಚ್ಚಿಬಿಟ್ಟರು.

ಅವನು ಚೀರಿದ. ಎದುರಿನ ಚಹಾದಂಗಡಿಯ ನಬಿಸಾಬ್ ಶಟರಿನ ಕೆಳಗೆ ಬಗ್ಗಿ ನೋಡಿದ. ಏನನ್ನೂ ಕೇಳದೆ ಒಲೆಯ ಮೇಲಿನ ಕಿಟ್ಲಿ ತಂದು, ಕುದಿಯುವ ಚಹಾವನ್ನು ಧರ್ಮಣ್ಣನ ಮುಖಕ್ಕೆ ಸುರಿದ. ಓಣಿಯೆಲ್ಲ ನುಗ್ಗಿತು. ಆಳು ಓಡಿದ. ಚಂದ್ರಶಾನನ್ನು ನೆಲಕ್ಕೆ ಕೆಡವಿ ಒದೆಯತೊಡಗಿದರು. ತಲೆಯ ಹಳೆಯ ಗಾಯ ಬಿಚ್ಚಿ, ರಕ್ತ ಗಟಾರಿನವರೆಗೆ ಹರಿಯಿತು.

“ಸಾಯ್ತಾನ, ಬಿಡ್ರಿ ಇನ್ನ,” ಎಂದು ಅವನ ಮೇಲೆ ಅಡ್ಡ ಬಿದ್ದವರು ಹಣಮಂತರಾಯರೇ. ಅವರ ಬೆನ್ನಿಗೂ ಎರಡು ಒದೆ ಬಿದ್ದವು.

ಮಧ್ಯಾಹ್ನ ಕೈಗೆ ಪಟ್ಟಿ ಹಾಕಿಸಿಕೊಂಡು ಸರ್ಕಾರಿ ದವಾಖಾನೆಯಲ್ಲಿ ಕುಳಿತಿದ್ದಾಗ ದೌಲಪ್ಪನ ಹೆಂಡತಿ ಭೀಮಬಾಯಿ ಹುಡುಕಿಕೊಂಡು ಬಂದಳು. ಅದೇ ಕಟ್ಟಡದ ಹಿಂದೆ ಗಂಡನ ಹೆಣ ಕೊಯ್ಯುತ್ತಿದ್ದರು. ಯಾರೋ ಅವಳಿಗೆ ಎಲ್ಲ ತಿಳಿಸಿದ್ದರು. ಚಂದ್ರಶಾ ತನ್ನ ಹೊಲವನ್ನು ತಮ್ಮನ ಹೆಸರಿಗೆ ಮಾಡುತ್ತಾನೆ, ತನಗೂ ಮಕ್ಕಳಿಗೂ ಒಂದು ಪೈಸೆಯೂ ಸಿಗುವುದಿಲ್ಲ, ಕಂಪನಿಯಾದರೆ ಕೊಡುತ್ತದೆ ಎಂದಳು. ಕೊನೆಗೆ ಅವರ ಕಾಲ ಬಳಿ ಕುಳಿತಳು.

“ಅವ ಹೊಡದು ಕೇಳ್ಯಾನ, ನೀವು ಬರೀಲಿಲ್ಲ. ನಾ ಸುಮ್ಮ ಕೇಳಾಕತ್ತೀನಿ ಸಾಹೇಬ್ರ. ಎಂಟು ಅಂತ ಬರೀರಿ.”

ರಾಯರು ಪಕ್ಕದಲ್ಲಿದ್ದ ಚೀಲದ ಕಡೆ ನೋಡಿದರು. ಬಲಗೈ ಸರಿಯಾಗಿಯೇ ಇತ್ತು, ಪುಸ್ತಕ ಚೀಲದಲ್ಲಿತ್ತು.

“ಗಾಡಿ ನೋಡದ ನೋಡೀನಿ ಅಂತ ಒಮ್ಮೆ ಸುಳ್ಳು ಬರದೀನಿ ತಾಯಿ. ಇನ್ನೊಮ್ಮೆ ಆಗೂದಿಲ್ಲ.”

ಭೀಮಬಾಯಿ ಎದ್ದು ಅವರ ಕೆನ್ನೆಗೆ ಬಾರಿಸಿದಳು. ಅವರು ಮುಖ ತಿರುಗಿಸಲಿಲ್ಲ. ಅವತ್ತೇ ಪೊಲೀಸರ ಮುಂದೆ ತಮ್ಮ ಸುಳ್ಳನ್ನೂ ಸೇರಿಸಿ ಎಲ್ಲವನ್ನೂ ಬರೆಸಿದರು. ಲೈಸೆನ್ಸ್ ಹೋಯಿತು.

ಕೋರ್ಟಿನಲ್ಲಿ ಐದು ವರ್ಷ ಹಿಡಿಯಿತು. ವಿಮೆ ಶುರುವಾದದ್ದು ಹನ್ನೊಂದು ಇಪ್ಪತ್ತಕ್ಕೆ, ಕಂಪನಿಯ ಹೊಣೆ ಇಲ್ಲ, ಕೊಡಬೇಕಾದವನು ಚಂದ್ರಶಾ ಎಂದಾಯಿತು. ದೌಲಪ್ಪನ ಸಾವಿನ ನಂತರ ಚಂದ್ರಶಾ ತಮ್ಮನ ಹೆಸರಿಗೆ ಮಾಡಿದ ಹೊಲದ ಕಾಗದವನ್ನು ಕೋರ್ಟು ತಳ್ಳಿಹಾಕಿ, ಎರಡು ಎಕರೆ ಭೀಮಬಾಯಿಗೆ ಕೊಡಿಸಿತು. ಸಾಕ್ಷಿ ಹೇಳಲು ರಾಯರು ಒಂದು ತಾರೀಖನ್ನೂ ತಪ್ಪಿಸಲಿಲ್ಲ.

ಹೊಲದ ಅಳತೆಯ ದಿನ ಅವರೂ ಕಮಲಾಪುರಕ್ಕೆ ಹೋದರು. ಧರ್ಮಣ್ಣ ಬದುವಿನಿಂದ ಕಲ್ಲು ಬೀಸಿದ. ಭೀಮಬಾಯಿಯ ಹುಬ್ಬು ಒಡೆಯಿತು. ಪೊಲೀಸರು ಅವನನ್ನು ಎಳೆದೊಯ್ದರು. ಅವಳು ಸೆರಗಿನಿಂದ ರಕ್ತ ಒತ್ತಿ ಹಿಡಿದು, ಕೊನೆಯ ಗಡಿಕಲ್ಲು ನೆಡುವವರೆಗೆ ಕದಲಲಿಲ್ಲ. ಆಮೇಲೆ ರಾಯರ ಪಕ್ಕ ಬಂದು ಕುಳಿತಳು.

“ಅವತ್ತು ಎಂಟು ಅಂತ ಬರದಿದ್ರ ಈ ಐದು ವರ್ಷ ನನ್ನ ಮಕ್ಕಳು ಹೊಟ್ಟಿತುಂಬ ಉಣ್ತಿದ್ವು.”

“ಖರೆ ಅದ ತಾಯಿ,” ಎಂದರು ರಾಯರು.

ಅವಳು ತಂಬಿಗೆಯ ನೀರು ಕುಡಿದು, ಉಳಿದದ್ದನ್ನು ಅವರ ಕಡೆ ಸರಿಸಿದಳು.